ಎರಡು ಹೆಸರು, ಮೂರು ಜನ್ಮದಿನ: ಖಾಸಗಿ ಅಭ್ಯರ್ಥಿಯೊಬ್ಬರ ಎಸ್.ಎಸ್.ಎಲ್.ಸಿ. ನೋಂದಣಿ

ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಬರೆಯಹೊರಟರೂ ಯಾವ ಹೆಸರು ಬರೆಯಬೇಕು ಎಂಬುದೇ ಈ ಪ್ರಕರಣದ ತಕರಾರು. ತವರಿನಲ್ಲಿ ಇಟ್ಟದ್ದು ಒಂದು ನದಿಯ ಹೆಸರು. ಮದುವೆಯ ದಿನ ಗಂಡನ ಮನೆಯವರು ಇಟ್ಟದ್ದು ಒಂದು ಹೂವಿನ ಹೆಸರು. ಹರಿವಾಣದಲ್ಲಿ ಅಕ್ಕಿ ಹರಡಿ, ಅದರ ಮೇಲೆ ಉಂಗುರದಿಂದ ಮದುಮಗನ ಕೈಯಲ್ಲಿ ಹೊಸ ಹೆಸರು ಬರೆಸುವ ಪದ್ಧತಿ ನಮ್ಮ ಕರಾವಳಿಯ ಹಲವು ಮನೆಗಳಲ್ಲಿ ಇತ್ತು, ಕೆಲವು ಕಡೆ ಇನ್ನೂ ಇದೆ. ಅಕ್ಕಿಯ ಮೇಲಿನ ಅಕ್ಷರ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಆದರೆ ಅದನ್ನು ನೋಡಿ ರೇಷನ್ ಕಾರ್ಡು, ರೇಷನ್ ಕಾರ್ಡು ನೋಡಿ ಆಧಾರ್, ಆಧಾರ್ ನೋಡಿ ಬ್ಯಾಂಕಿನ ಪಾಸ್‌ಬುಕ್ಕು ಹುಟ್ಟಿಕೊಳ್ಳುತ್ತವೆ.

ಅಘನಾಶಿನಿ ಸಮುದ್ರ ಸೇರುವ ಕಡೆ, ಕುಮಟಾ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ನಾನು ಮೇಲ್ವಿಚಾರಕಿ. ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಫಲಕ ಬಂದಿದೆ. ಫಲಕ ಬಂದ ಮೇಲೆ ಕಾದಂಬರಿ ಕೇಳಿಕೊಂಡು ಬರುವವರಿಗಿಂತ ಅರ್ಜಿ ಹಿಡಿದುಕೊಂಡು ಬರುವವರೇ ಹೆಚ್ಚು. ಊರಿನವರು ನನ್ನನ್ನು ಅಕ್ಕೋರು, ಅಂದರೆ ಟೀಚರ್, ಎನ್ನುತ್ತಾರೆ. ನಾನು ಯಾವ ಶಾಲೆಯಲ್ಲೂ ಕಲಿಸಿದವಳಲ್ಲ.

ಇವರು ಮೊದಲ ಬಾರಿ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ವಯಸ್ಸು ಮೂವತ್ತೇಳು. ಇಳಿತದ ಹೊತ್ತಿಗೆ ನದಿಗಿಳಿದು ಬಳಚು ಎಂಬ ಚಿಪ್ಪಿಮೀನು ತೆಗೆಯುವ ಕೆಲಸ. ಗಂಡ ತದಡಿ ಬಂದರಿನ ಒಂದು ಬೋಟಿನಲ್ಲಿ ಕಲಾಸಿ. ಇಬ್ಬರು ಮಕ್ಕಳು. ಹನ್ನೆರಡು ಹೆಂಗಸರ ಸ್ವಸಹಾಯ ಸಂಘದ ಲೆಕ್ಕವನ್ನು ಒಂಬತ್ತು ವರ್ಷದಿಂದ ಬರೆಯುತ್ತಿದ್ದರು. ಅಂಥ ಹಲವು ಸಂಘಗಳ ಲೆಕ್ಕ ನೋಡಿಕೊಳ್ಳುವ, ತಿಂಗಳಿಗೆ ಒಂದಿಷ್ಟು ಗೌರವಧನ ಬರುವ ಕೆಲಸವೊಂದು ತೆರವಾದಾಗ ಕೇಳಿದ್ದು ಎಸ್.ಎಸ್.ಎಲ್.ಸಿ. ಅಂಕಪಟ್ಟಿ. ಕೆಲಸ ಸಿಕ್ಕಿದ್ದು ಅಂಕಪಟ್ಟಿ ಇದ್ದ ಹುಡುಗಿಗೆ. ಆ ಹುಡುಗಿ ಮೊದಲ ಮೂರು ತಿಂಗಳು ಬಡ್ಡಿ ಲೆಕ್ಕ ಕಲಿತದ್ದು ಇವರ ಜಗಲಿಯ ಮೇಲೆ ಕುಳಿತು.

“ಅಕ್ಕೋರೇ, ಈ ವಯಸ್ಸಿನಲ್ಲಿ ಹತ್ತನೆಯದು ಬರೆಯಬಹುದೇ?” ಎಂದು ಕೇಳಿದಾಗ ನಾನು ಬರೆಯಬಹುದು ಎಂದೆ. ಅದೊಂದನ್ನು ಬಿಟ್ಟು ಆ ದಿನ ನಾನು ಹೇಳಿದ ಬಹುಪಾಲು ಮಾತು ತಪ್ಪಾಗಿತ್ತು.

ಯಾವ ದಾರಿ

ಶಾಲೆ ಬಿಟ್ಟ ದೊಡ್ಡವರಿಗೆ ಹತ್ತನೆಯ ತರಗತಿ ಮುಗಿಸಲು ನಮ್ಮಲ್ಲಿ ಮುಖ್ಯವಾಗಿ ಎರಡು ನೇರ ದಾರಿಗಳಿವೆ. ಒಂದು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುವ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವುದು. ಎರಡು, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ, ಅಂದರೆ ಎನ್.ಐ.ಒ.ಎಸ್.ನ ಸೆಕೆಂಡರಿ ಕೋರ್ಸು. ಮೂರನೆಯದೂ ಒಂದಿದೆ: ಬಸ್ ನಿಲ್ದಾಣದ ಕಂಬಗಳ ಮೇಲೆ ಅಂಟಿಸಿದ ‘ಒಂದೇ ತಿಂಗಳಲ್ಲಿ ಹತ್ತನೇ ಪಾಸ್, ಫೇಲಾದವರೂ ಸಂಪರ್ಕಿಸಿ’ ಎಂಬ ಚೀಟಿ. ಇವರ ಬಳಿಯೂ ಅಂಥದೊಂದು ಚೀಟಿ ಇತ್ತು. ಆ ಹೆಸರಿನ ಮಂಡಳಿಯನ್ನು ದೇಶದ ಶಾಲಾ ಮಂಡಳಿಗಳ ಒಕ್ಕೂಟವಾದ ಕಾಬ್ಸೆಯ ಪಟ್ಟಿಯಲ್ಲಿ ಹುಡುಕಿದೆವು, ಇರಲಿಲ್ಲ. ಚೀಟಿಯನ್ನು ನಾನೇ ಹರಿದೆ. ದುಡ್ಡು ಕೊಟ್ಟು ಮೋಸ ಹೋದವರು ಪೊಲೀಸರ ಬಳಿಗೂ ಹೋಗುವುದಿಲ್ಲ, ಏಕೆಂದರೆ ಹತ್ತನೆಯದು ಪಾಸಾಗಿಲ್ಲ ಎಂದು ಅಲ್ಲಿ ಹೇಳಬೇಕಾಗುತ್ತದೆ. ಆ ನಾಚಿಕೆಯೇ ಈ ಅಂಗಡಿಗಳ ಬಂಡವಾಳ.

ಎನ್.ಐ.ಒ.ಎಸ್. ಕಾಗದದ ಮೇಲೆ ಇವರಿಗೆಂದೇ ಮಾಡಿದಂತಿತ್ತು. 1989ರಲ್ಲಿ ಶುರುವಾದ ಸಂಸ್ಥೆ, ಕೇಂದ್ರ ಸರ್ಕಾರದ್ದು. ಐದು ವಿಷಯ ಪಾಸಾದರೆ ಸಾಕು. ಗಣಿತ ಕಡ್ಡಾಯವಲ್ಲ; ಗೃಹವಿಜ್ಞಾನ, ವಾಣಿಜ್ಯ, ಚಿತ್ರಕಲೆ ಎಂದು ಆರಿಸಿಕೊಳ್ಳಬಹುದು. ಎಂಟನೆಯ ತರಗತಿಯ ಪ್ರಮಾಣಪತ್ರ ಇಲ್ಲದಿದ್ದರೆ ‘ಈ ಕೋರ್ಸು ಓದುವಷ್ಟು ಕಲಿತಿದ್ದೇನೆ’ ಎಂದು ತಾನೇ ಬರೆದುಕೊಡಬಹುದು. ವರ್ಷಕ್ಕೆ ಎರಡು ಬಾರಿ ಪರೀಕ್ಷೆ, ನೋಂದಣಿಗೆ ಐದು ವರ್ಷದ ಆಯುಷ್ಯ, ಅದರೊಳಗೆ ಒಂಬತ್ತು ಅವಕಾಶ. ಒಂದೊಂದೇ ವಿಷಯವನ್ನು ಬಳಚು ಹೆಕ್ಕಿದ ಹಾಗೆ ಹೆಕ್ಕಿ ಬುಟ್ಟಿಗೆ ಹಾಕಿಕೊಳ್ಳಬಹುದು. ಕನ್ನಡವೂ ಅಲ್ಲಿ ಒಂದು ಭಾಷಾ ವಿಷಯವಾಗಿ ಇದೆ. ಆದರೆ ನಮಗೆ ಕೈಗೆಟುಕಿದ ಅಧ್ಯಯನ ಕೇಂದ್ರದಲ್ಲಿ ಉಳಿದ ವಿಷಯಗಳನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಓದಿಕೊಳ್ಳಬೇಕು ಎಂದರು. ಏಳನೆಯ ತರಗತಿವರೆಗೆ ಕನ್ನಡದಲ್ಲಿ ಓದಿ, ಇಪ್ಪತ್ತನಾಲ್ಕು ವರ್ಷ ಪಠ್ಯಪುಸ್ತಕ ಮುಟ್ಟದವರಿಗೆ ಇದು ದಾರಿಯಲ್ಲ, ಗೋಡೆ. ಮುಂಬೈಯಲ್ಲೋ ಗೋವಾದಲ್ಲೋ ದುಡಿದು ಹಿಂದಿ ರೂಢಿಯಾದವರಿಗೆ ನಾನು ಇಂದಿಗೂ ಅದನ್ನೇ ಸೂಚಿಸುತ್ತೇನೆ. ಇವರಿಗಲ್ಲ.

ಹಾಗಾಗಿ ಎಸ್.ಎಸ್.ಎಲ್.ಸಿ. ಇಲ್ಲಿ ಆರು ವಿಷಯ, ಆಗ ಒಟ್ಟು 625 ಅಂಕ, ಗಣಿತದಿಂದ ತಪ್ಪಿಸಿಕೊಳ್ಳುವಂತಿಲ್ಲ, ಮೂರನೆಯ ಭಾಷೆಯಾಗಿ ಹಿಂದಿಯೂ ಬರುತ್ತದೆ. ಆದರೆ ಪುಸ್ತಕ ಪಕ್ಕದ ಮನೆಯ ಮಕ್ಕಳ ಚೀಲದಲ್ಲೇ ಇದೆ, ಅನುಮಾನ ಬಂದರೆ ಕೇಳಲು ಊರಿನಲ್ಲಿ ಹತ್ತು ಜನ ಇದ್ದಾರೆ. ವಯಸ್ಸಿಗೆ ಕೆಳಮಿತಿ ಇದೆಯೇ ಹೊರತು ಮೇಲ್ಮಿತಿ ಇಲ್ಲ.

ನಾನು ಕಳೆದ ಒಂದು ವರ್ಷ

ಕಾಗದಪತ್ರಗಳನ್ನು ಮೇಜಿನ ಮೇಲೆ ಹರಡಿದಾಗ ಕಂಡದ್ದು ಇಷ್ಟು. ಆಧಾರ್‌ನಲ್ಲಿ ಹೂವಿನ ಹೆಸರು, ಜನ್ಮದಿನ 1-1-1988. ರೇಷನ್ ಕಾರ್ಡಿನಲ್ಲಿ ಹೂವಿನ ಹೆಸರು, ವಯಸ್ಸು ಮಾತ್ರ. ಏಳನೆಯ ತರಗತಿಯ ಪರೀಕ್ಷೆಯ ಪ್ರವೇಶ ಚೀಟಿ ಎಂಬ ಹಳದಿ ತುಂಡೊಂದಿತ್ತು. ಅದರಲ್ಲಿ ನದಿಯ ಹೆಸರು, ಜನ್ಮದಿನ 1-6-1986. ಅವರ ಆಯಿಯನ್ನು, ಅಂದರೆ ತಾಯಿಯನ್ನು, ಕೇಳಿದರೆ ಬಂದ ಉತ್ತರ: “ಪುನರ್ವಸು ಮಳೆ ಹೊಡೆಯುತ್ತಿತ್ತು. ಹಳ್ಳ ದಾಟಲಾಗದೆ ಸೂಲಗಿತ್ತಿ ಬರಲಿಲ್ಲ.” ಪುನರ್ವಸು ಎಂದರೆ ಜುಲೈ ಮೊದಲ ವಾರ ಶುರುವಾಗಿ ಸುಮಾರು ಎರಡು ವಾರ. ಮೂರರಲ್ಲಿ ಸತ್ಯವಾದದ್ದು ಇದೊಂದೇ, ಯಾವ ಅರ್ಜಿಯಲ್ಲೂ ತುಂಬಲಾಗದ್ದೂ ಇದೊಂದೇ.

ಜೂನ್ 1ರ ಗುಟ್ಟು ಗೊತ್ತಿರುವವರಿಗೆ ಗೊತ್ತು. ಶಾಲೆ ತೆರೆಯುವ ಹೊತ್ತಿಗೆ ಮಗುವನ್ನು ಕರೆತಂದ ಅಪ್ಪನಿಗೆ ತಾರೀಕು ಹೇಳಲು ಬಾರದಿದ್ದರೆ ಮಾಸ್ತರರು ವಯಸ್ಸು ಕೂಡಿಸಿ ಕಳೆದು ಜೂನ್ 1 ಎಂದು ಬರೆದುಬಿಡುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಒಂದು ತಲೆಮಾರಿನ ಅರ್ಧ ಊರು ಒಂದೇ ದಿನ ಹುಟ್ಟಿದೆ. ಜನವರಿ 1 ಅದರ ಹೊಸ ಅವತಾರ: ಆಧಾರ್ ನೋಂದಣಿಯಲ್ಲಿ ವಯಸ್ಸು ಮಾತ್ರ ಹೇಳಿದರೆ ವರ್ಷದ ಮೊದಲ ದಿನವೇ ಜನ್ಮದಿನವಾಗಿ ಕೂರುತ್ತಿತ್ತು.

ಅದೇ ತಿಂಗಳು ಪತ್ರಿಕೆಗಳಲ್ಲಿ ಒಂದು ಸುದ್ದಿ ದೊಡ್ಡದಾಗಿ ಬಂದಿತ್ತು. ಜನನ ಮತ್ತು ಮರಣ ನೋಂದಣಿ ಕಾಯ್ದೆಯ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿ, ಶಾಲಾ ಪ್ರವೇಶಕ್ಕೂ ಇನ್ನು ಜನನ ಪ್ರಮಾಣಪತ್ರವೇ ಆಧಾರ ಎಂಬ ಸುದ್ದಿ. ನಾನು ಅದನ್ನು ಕತ್ತರಿಸಿ ಸೂಚನಾಫಲಕಕ್ಕೂ ಹಚ್ಚಿದ್ದೆ. “ಮೊದಲು ಜನನ ಪ್ರಮಾಣಪತ್ರ ಮಾಡಿಸಿ, ಅದನ್ನು ಕೊಟ್ಟು ಆಧಾರ್ ತಿದ್ದಿಸಿ, ಆಮೇಲೆ ಪರೀಕ್ಷೆಯ ಅರ್ಜಿ” ಎಂದು ಕಟ್ಟುನಿಟ್ಟಾಗಿ ಹೇಳಿದೆ. ಆ ನಿಯಮ ಅನ್ವಯಿಸುವುದು ಕಾಯ್ದೆ ಜಾರಿಯಾದ ದಿನ ಮತ್ತು ಅನಂತರ ಹುಟ್ಟಿದವರಿಗೆ ಮಾತ್ರ ಎಂಬ ಸಾಲು ಸುದ್ದಿಯ ಕೊನೆಯಲ್ಲಿತ್ತು. ನನ್ನ ಕತ್ತರಿ ಅದಕ್ಕಿಂತ ಮೇಲೆಯೇ ಓಡಿತ್ತು.

ಅವರು ಹೇಳಿದ ಹಾಗೆ ಮಾಡಿದರು. ಹುಟ್ಟಿದ್ದು ಶಿರಸಿ ತಾಲೂಕಿನ ಹಳ್ಳಿಯಲ್ಲಿ, ಮನೆಯಲ್ಲೇ. ನೋಂದಣಿ ಆಗಿರಲಿಲ್ಲ. ಮೊದಲು ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಬೇಕು. ಅದಾದ ಮೇಲೆ ಆದೇಶ ಬೇಕು: 1969ರ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ತಡವಾದ ಜನನವನ್ನು ಬರೆಸಿಕೊಳ್ಳಲು ಮ್ಯಾಜಿಸ್ಟ್ರೇಟರ ಆದೇಶ ಕಡ್ಡಾಯ. ಹಿಂದೆ ಅದು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರದ್ದಾಗಿತ್ತು, ಹೊಸ ತಿದ್ದುಪಡಿಯಲ್ಲಿ ಜಿಲ್ಲಾ ಮತ್ತು ಉಪವಿಭಾಗ ಮ್ಯಾಜಿಸ್ಟ್ರೇಟರ ಕಡೆಗೆ ಬಂತು. ಬದಲಾವಣೆಯ ಹೊಸತರಲ್ಲಿ ಅರ್ಜಿ ಕೊಟ್ಟವರನ್ನು ಈ ಬಾಗಿಲಿನಿಂದ ಆ ಬಾಗಿಲಿಗೆ ಕಳುಹಿಸುವುದು ಸಹಜವೇ. ಇವರು ನಾಲ್ಕು ಸಲ ಘಟ್ಟ ಹತ್ತಿದರು. ನಾಲ್ಕು ಇಳಿತದ ದುಡಿಮೆ ಹೋಯಿತು.

ಈ ನಡುವೆ ಆಧಾರ್ ಕೇಂದ್ರಕ್ಕೂ ಹೋಗಿ ವಿಚಾರಿಸಿದರು. ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ ತಿದ್ದಬಹುದು, ಜನ್ಮದಿನವನ್ನು ಒಂದೇ ಬಾರಿ ಎಂದು ಅಲ್ಲಿನ ಹುಡುಗ ಹೇಳಿದ. ಜನ್ಮದಿನ ತಿದ್ದಲು ಏನು ತರಬೇಕು ಎಂದು ಕೇಳಿದರೆ, “ಜನನ ಪ್ರಮಾಣಪತ್ರ. ಅದಿಲ್ಲದಿದ್ದರೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ತನ್ನಿ, ಸಾಕು” ಎಂದನಂತೆ.

ಇದನ್ನು ನನಗೆ ಹೇಳುವಾಗ ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. 2024ರ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಗಳ ನೋಂದಣಿಯ ಗಡುವು ಮುಗಿದದ್ದು ತಿಳಿದದ್ದೂ ಅದೇ ವಾರ, ದಂಡಶುಲ್ಕ ಕಟ್ಟಿ ಸೇರಿಕೊಳ್ಳುವ ದಿನವೂ ದಾಟಿದ ಮೇಲೆ.

ತಾಯಿಬೇರು ಯಾವುದು

ಮರುವರ್ಷ ನಾನು ಮಾಡಿದ ಮೊದಲ ಕೆಲಸ, ಬಾಯಿ ಮುಚ್ಚಿಕೊಂಡು ಒಬ್ಬ ನಿವೃತ್ತ ಮುಖ್ಯಾಧ್ಯಾಪಕರ ಮನೆಗೆ ಹೋದದ್ದು. ಅವರು ಎಲ್ಲವನ್ನೂ ಕೇಳಿ, ಕವಳ ಉಗುಳಿ ಬಂದು, ಒಂದೇ ಪ್ರಶ್ನೆ ಹಾಕಿದರು: “ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ತಾಯಿ ಯಾವುದು? ಆಧಾರೋ, ಶಾಲೆಯ ದಾಖಲೆಯೋ?”

ಶಾಲೆಯ ದಾಖಲೆ. ಮಂಡಳಿ ಹುಟ್ಟಿದ್ದು 1966ರಲ್ಲಿ. ಆಧಾರ್ ಬರುವುದಕ್ಕಿಂತ ನಲವತ್ತಕ್ಕೂ ಹೆಚ್ಚು ವರ್ಷ ಮೊದಲಿನಿಂದ ಅದು ಮಕ್ಕಳ ಹೆಸರು, ಜನ್ಮದಿನಗಳನ್ನು ಶಾಲೆಯ ರಿಜಿಸ್ಟರಿನಿಂದಲೇ ತೆಗೆದುಕೊಳ್ಳುತ್ತಾ ಬಂದಿದೆ. ನಾವು ಮಾಡುತ್ತಿದ್ದುದು ಟೊಂಗೆಗಳನ್ನೆಲ್ಲ ಒಂದೇ ಉದ್ದಕ್ಕೆ ಕತ್ತರಿಸುವ ಕೆಲಸ. ಎಲ್ಲ ಕಾಗದಗಳೂ ಒಂದೇ ಮಾತು ಹೇಳುವವರೆಗೆ ಅರ್ಜಿ ಹಾಕುವುದಿಲ್ಲ ಎಂದು ಕೂತರೆ ಈ ದೇಶದಲ್ಲಿ ಯಾರೂ ಯಾವ ಅರ್ಜಿಯನ್ನೂ ಹಾಕಲಾರರು. ಬೇಕಿದ್ದದ್ದು ಶಾಲೆ ಬಿಟ್ಟ ಪ್ರಮಾಣಪತ್ರ ಒಂದು; ಆ ಹೆಸರಿನವರೂ ಈಗಿನ ಹೆಸರಿನವರೂ ಒಬ್ಬರೇ ಎಂದು ಹೇಳುವ ಕಾಗದ ಇನ್ನೊಂದು.

ಇವರು ಏಳನೆಯದನ್ನು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 1999ರ ಬೇಸಿಗೆಗೆ ಮುಗಿಸಿ, ಏಳು ಕಿಲೋಮೀಟರ್ ದೂರದ ಪ್ರೌಢಶಾಲೆಗೆ ಎಂಟನೆಯ ತರಗತಿಗೆ ಸೇರಿದ್ದರು, ನಾಲ್ಕೈದು ತಿಂಗಳು ಹೋಗಿಯೂ ಇದ್ದರು. ಇದನ್ನು ಅವರು ನನಗೆ ಹೇಳಿಯೇ ಇರಲಿಲ್ಲ, ಮುಗಿಸದ ತರಗತಿ ಲೆಕ್ಕಕ್ಕಿಲ್ಲ ಎಂದುಕೊಂಡಿದ್ದರು. ಆದರೆ ಕಾಗದದ ಲೆಕ್ಕದಲ್ಲಿ ಅದೇ ಮುಖ್ಯ. ಪ್ರಾಥಮಿಕ ಶಾಲೆ ಕೊಟ್ಟ ಪ್ರಮಾಣಪತ್ರ ಪ್ರೌಢಶಾಲೆಯ ಕಡತದಲ್ಲಿ ಉಳಿದಿರುತ್ತದೆ. ಕೊನೆಯದಾಗಿ ಓದಿದ ಶಾಲೆಯೇ ಬಿಡುಗಡೆ ಕೊಡಬೇಕು. ಹಳೆಯ ಮುಂಬೈ ಪ್ರಾಂತದ ರೂಢಿ ನಮ್ಮ ಕಡೆ ಮಾತಿನಲ್ಲಿ ಇನ್ನೂ ಉಳಿದಿದೆ: ರಿಜಿಸ್ಟರಿನ ನಕಲಿಗೆ ಉತಾರ ಎನ್ನುತ್ತಾರೆ, ಈ ಪ್ರಮಾಣಪತ್ರಕ್ಕೆ ಎಲ್.ಸಿ. ಬೆಂಗಳೂರಿನ ಸುತ್ತೋಲೆಯಲ್ಲಿ ಅದು ವರ್ಗಾವಣೆ ಪತ್ರ. ಎರಡೂ ಬೇರೆ ಬೇರೆ ಎಂದುಕೊಂಡು ಎರಡಕ್ಕೂ ಅಲೆದವರನ್ನು ನೋಡಿದ್ದೇನೆ.

ಇನ್ನೊಂದು ತೊಡಕು ಉತ್ತರ ಕನ್ನಡದವರಿಗೇ ವಿಶೇಷ. ಜಿಲ್ಲೆ ಒಂದು, ಶೈಕ್ಷಣಿಕ ಜಿಲ್ಲೆ ಎರಡು. ಕರಾವಳಿಯ ತಾಲೂಕುಗಳು ಕಾರವಾರದ ಉಪನಿರ್ದೇಶಕರ ಕೆಳಗೆ, ಘಟ್ಟದ ಮೇಲಿನವು ಶಿರಸಿಯವರ ಕೆಳಗೆ. ಓದಿದ್ದು ಅಲ್ಲಿ, ಬರೆಯುವುದು ಇಲ್ಲಿ. ದಾಖಲೆಗೆ ಮೇಲುರುಜು ಬೇಕೆಂದರೆ ಕುಮಟಾದಲ್ಲಿ ಆಗುವುದಿಲ್ಲ. ಘಟ್ಟದ ಮೇಲಿನಿಂದ ಮದುವೆಯಾಗಿ ಕೆಳಗೆ ಬಂದ ಎಲ್ಲ ಹೆಂಗಸರಿಗೂ ಈ ಗಡಿ ಅಡ್ಡ ಬರುತ್ತದೆ.

2024ರ ಮಳೆಗಾಲದ ಒಂದು ಬಿಡುವಿನಲ್ಲಿ ನಾವಿಬ್ಬರೂ ಮೊದಲ ಬಸ್ಸಿಗೆ ಹೊರಟೆವು. ದೇವಿಮನೆ ಘಟ್ಟದಲ್ಲಿ ಮಂಜು. ಕುಮಟಾದಿಂದ ಶಿರಸಿಗೆ ಅರವತ್ತು ಕಿಲೋಮೀಟರ್ ಇದ್ದೀತು, ಅಲ್ಲಿಂದ ಇನ್ನೊಂದು ಬಸ್ಸು. ಪ್ರೌಢಶಾಲೆಯ ಗುಮಾಸ್ತರು ನಿವೃತ್ತಿಯ ಅಂಚಿನಲ್ಲಿದ್ದವರು. ಇಸವಿ ಕೇಳಿದವರೇ, “1999 ಎಂದರೆ ಕಪಾಟಿನ ಕೆಳಗಿನ ಅರೆ. ಒರಲೆ ಎಷ್ಟು ಬಿಟ್ಟಿದೆಯೋ ನೋಡಬೇಕು” ಎಂದು ಒಳಹೋದರು. ಅರ್ಧ ಗಂಟೆಯ ಮೇಲೆ ಅಂಚೆಲ್ಲ ಜಾಲರಿಯಾದ ಒಂದು ರಿಜಿಸ್ಟರನ್ನು ಎರಡೂ ಕೈಯಲ್ಲಿ, ಹಸುಗೂಸನ್ನು ಎತ್ತಿಕೊಂಡ ಹಾಗೆ ತಂದು ಮೇಜಿನ ಮೇಲಿಟ್ಟರು.

ಹೆಸರು ಇತ್ತು. ನೀಲಿ ಶಾಯಿಯಲ್ಲಿ ನದಿಯ ಹೆಸರು, ಅಪ್ಪನ ಹೆಸರು, ಜನ್ಮದಿನ 1-6-1986 ಅಂಕಿಯಲ್ಲೂ ಅಕ್ಷರದಲ್ಲೂ. ಷರಾ ಖಾನೆಯಲ್ಲಿ ಕೆಂಪು ಶಾಯಿ: ‘ಸತತ ಗೈರುಹಾಜರಿ, ಹೆಸರು ಕಡಿಮೆ ಮಾಡಿದೆ.’ ಕೆಳಗೆ ನವೆಂಬರ್ ತಿಂಗಳ ಒಂದು ತಾರೀಕು. ಅವರು ಆ ಕೆಂಪು ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಬೆರಳಿನ ಚರ್ಮ ಬಳಚಿನ ಚಿಪ್ಪಿಗೆ ಗೀರುಬಿದ್ದು ಬಿರುಕಾಗಿತ್ತು.

ಗುಮಾಸ್ತರು ನಮೂನೆ ತುಂಬತೊಡಗಿದರು. ಓದುತ್ತಿದ್ದ ತರಗತಿ: ಎಂಟು. ನಡತೆ: ಉತ್ತಮ. ಶಾಲೆ ಬಿಡಲು ಕಾರಣ ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

“ಏನು ಬರೆಯಲಿ ತಂಗಿ?”

“ಬಸ್ಸಿರಲಿಲ್ಲ ಎಂದು ಬರೆಯಿರಿ.”

“ಹಾಗೆ ಬರೆಯಲಾಗುವುದಿಲ್ಲ.”

“ಬಸ್ಸಿರಲಿಲ್ಲವಲ್ಲ ಮತ್ತೆ? ಬೆಳಿಗ್ಗೆ ಐದೂವರೆಗೆ ಹೊರಟರೆ ಪ್ರಾರ್ಥನೆಗೆ ಮುಟ್ಟುತ್ತಿದ್ದೆ. ಸಂಜೆ ಕಾಡಿನಲ್ಲಿ ಕತ್ತಲೆ. ಆಯಿ ಹೆದರಿದಳು.”

ಅವರು ಕನ್ನಡಕ ತೆಗೆದು ಒರೆಸಿ, ‘ಪಾಲಕರ ಇಚ್ಛೆಯ ಮೇರೆಗೆ’ ಎಂದೇ ಬರೆದರು. ಆ ಖಾನೆಯಲ್ಲಿ ಎಲ್ಲರಿಗೂ ಅದನ್ನೇ ಬರೆಯುತ್ತಾರೆ. ಈಗ ಆ ದಾರಿಯಲ್ಲಿ ದಿನಕ್ಕೆ ಎರಡು ಬಸ್ಸು ಓಡುತ್ತವೆ. ನಾವು ವಾಪಸು ಬಂದದ್ದು ಎರಡನೆಯದರಲ್ಲಿ.

ಇನ್ನುಳಿದದ್ದು ಹೆಸರಿನ ಕಾಗದ. ನೋಟರಿಯ ಮುಂದೆ ಇ-ಸ್ಟ್ಯಾಂಪ್ ಕಾಗದದ ಮೇಲೆ ಅಫಿಡವಿಟ್: ತವರಿನಲ್ಲಿ ಇಂಥ ಹೆಸರಿನವಳು, ಮದುವೆಯ ನಂತರ ಇಂಥ ಹೆಸರಿನವಳು, ಇಬ್ಬರೂ ಒಬ್ಬಳೇ ಎಂದು. ಜೊತೆಗೆ ಮದುವೆಯ ಕರೆಯೋಲೆ. ಟ್ರಂಕಿನ ತಳದಲ್ಲಿ ಧಾರೆಸೀರೆಯ ಮಡಿಕೆಯೊಳಗಿತ್ತು, ಅರಿಶಿನ ಹಚ್ಚಿದ ನಾಲ್ಕು ಮೂಲೆಯೂ ಕಂದಿರಲಿಲ್ಲ. ಅದರಲ್ಲಿ ಅಚ್ಚಾಗಿದ್ದು ನದಿಯ ಹೆಸರು. ಪಕ್ಕದಲ್ಲಿ ಗಂಡನ ಹೆಸರು, ಊರು. ಎರಡು ಊರುಗಳ ನಡುವಿನ ಸೇತುವೆಯಾಗಿ ನಮಗೆ ಸಿಕ್ಕಿದ ಏಕೈಕ ಮುದ್ರಿತ ಸಾಕ್ಷಿ ಅದು. ಕರೆಯೋಲೆಗಳನ್ನು ಬಿಸಾಡಬೇಡಿ ಎಂದು ಆಮೇಲೆ ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ.

ಅರ್ಜಿ ತುಂಬಿದ ದಿನ

ಆ ವರ್ಷದ ಸುತ್ತೋಲೆ ಬಂದ ಮೇಲೆ ಅರ್ಜಿಯನ್ನು ಒಂದು ಸೈಬರ್ ಅಂಗಡಿಯಲ್ಲಿ ತುಂಬಿಸಿದೆವು. ಗ್ರಂಥಾಲಯದ ಕಂಪ್ಯೂಟರ್ ಇತ್ತು, ಸ್ಕ್ಯಾನರ್ ಕೆಟ್ಟಿತ್ತು. ಮೊದಲ ಅಡ್ಡಿ ಒ.ಟಿ.ಪಿ. ಕೊಟ್ಟ ಮೊಬೈಲ್ ಸಂಖ್ಯೆ ಗಂಡನದು, ಮನೆಯ ಎಲ್ಲ ವ್ಯವಹಾರಕ್ಕೂ ಅದೇ ಸಂಖ್ಯೆ. ಗಂಡ ಬೋಟಿನಲ್ಲಿ, ಬೋಟು ಆಳಸಮುದ್ರದಲ್ಲಿ. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧದ ಹೊತ್ತಾಗಿದ್ದರೆ ಮನುಷ್ಯನೂ ಮೊಬೈಲೂ ಮನೆಯಲ್ಲಿರುತ್ತಿದ್ದವು. ಮೂರು ದಿನ ಕಾದೆವು. ಬೋಟು ದಡಕ್ಕೆ ಬಂದಾಗ ಅವನ ಮೊಬೈಲಿನಲ್ಲಿ ಆರು ಒ.ಟಿ.ಪಿ.ಗಳು ಸಾಲಾಗಿ ಬಂದು ಬಿದ್ದವು, ಆರೂ ಸತ್ತವು. ಕೊನೆಗೆ ಇವರ ಹೆಸರಿನಲ್ಲೇ ಒಂದು ಸಿಮ್ ಕೊಂಡೆವು. ತನ್ನದೇ ಎಂಬ ಸಂಖ್ಯೆ ಅವರಿಗೆ ಬಂದದ್ದು ಹೀಗೆ.

ಎರಡನೆಯ ಅಡ್ಡಿ ಕಣ್ಣಿಗೆ ಬೀಳದ ಹಾಗೆ ಕೂತಿತ್ತು. ಅಂಗಡಿಯ ಹುಡುಗ ಚುರುಕು; ಬೆಳಗಿನಿಂದ ಇಂಗ್ಲಿಷ್ ಮಾಧ್ಯಮದ ಮಕ್ಕಳ ಏನೇನೋ ಅರ್ಜಿ ತುಂಬುತ್ತಿದ್ದ. ಇವರದನ್ನೂ ಅದೇ ಲಹರಿಯಲ್ಲಿ ತುಂಬಿ ಪ್ರಿಂಟ್ ಕೊಟ್ಟ. ಹೆಸರು ಸರಿ, ಜನ್ಮದಿನ ಸರಿ, ಭಾವಚಿತ್ರ ಸರಿ. ಖುಷಿಯಲ್ಲಿ ಚಹಾ ಕುಡಿದು ಬಂದೆವು. ರಾತ್ರಿ ನಾನು ಗ್ರಂಥಾಲಯದ ಸ್ಕೇಲು ಇಟ್ಟು ಸಾಲುಸಾಲಾಗಿ ಓದುವಾಗ ವಿಷಯಗಳ ಸಂಕೇತಸಂಖ್ಯೆ ಕಂಡವು: 14, 33, 61, 81, 83, 85. ಶಾಲೆ ಕಲಿಸುವವರಾಗಿದ್ದರೆ ಅಲ್ಲೇ ಚೀರುತ್ತಿದ್ದರು. ಕನ್ನಡ ಪ್ರಥಮ ಭಾಷೆಯಾದರೆ 01, ಇಂಗ್ಲಿಷ್ ದ್ವಿತೀಯವಾದರೆ 31. 14 ಎಂದರೆ ಇಂಗ್ಲಿಷ್ ಪ್ರಥಮ ಭಾಷೆ, 33 ಎಂದರೆ ಕನ್ನಡ ದ್ವಿತೀಯ ಭಾಷೆ. ಇದ್ದದ್ದನ್ನು ಇದ್ದಂತೆ ಬಿಟ್ಟಿದ್ದರೆ 125 ಅಂಕದ ಪತ್ರಿಕೆಯನ್ನು ಅವರು ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬಾಗಿಲು ತೆಗೆಯುವ ಮೊದಲೇ ಅಂಗಡಿಯ ಮುಂದೆ ನಿಂತಿದ್ದೆವು. ಶುಲ್ಕ ಕಟ್ಟುವ ಹಂತ ಬಾಕಿ ಇದ್ದುದರಿಂದ ತಿದ್ದಲು ಆಯಿತು.

ಯಾರಾದರೂ ಕೇಳಿದರೆ ನಾನು ಈಗ ಹೇಳುವುದು ಇದನ್ನೇ: ಹೆಸರನ್ನು ಎಲ್ಲರೂ ಓದುತ್ತಾರೆ, ಸಂಕೇತಸಂಖ್ಯೆಯನ್ನು ಯಾರೂ ಓದುವುದಿಲ್ಲ. ಶುಲ್ಕ ಕಟ್ಟುವ ಮೊದಲು ಪ್ರೌಢಶಾಲೆಯ ಯಾರಾದರೂ ಒಬ್ಬ ಮಾಸ್ತರರಿಗೆ ಆ ಆರು ಸಂಖ್ಯೆಗಳನ್ನು ತೋರಿಸಿ. ಶುಲ್ಕ, ಗಡುವು, ದಂಡಶುಲ್ಕ ಇವು ವರ್ಷವರ್ಷಕ್ಕೆ ಬದಲಾಗುತ್ತವೆ. ಆ ವರ್ಷದ ಸುತ್ತೋಲೆ ಬಿಟ್ಟು ಬೇರೆ ಯಾರ ಮಾತನ್ನೂ, ನನ್ನದನ್ನೂ, ನಂಬಬೇಡಿ.

ಅರ್ಜಿಯ ಪ್ರತಿ, ಎಲ್.ಸಿ., ಅಫಿಡವಿಟ್, ಕರೆಯೋಲೆಯ ನಕಲು ಹಿಡಿದು ಖಾಸಗಿ ಅಭ್ಯರ್ಥಿಗಳಿಗೆಂದು ಗೊತ್ತುಮಾಡಿದ್ದ ಪ್ರೌಢಶಾಲೆಗೆ ಹೋದೆವು. ಮುಖ್ಯಾಧ್ಯಾಪಕರು ಆಧಾರ್ ಪ್ರತಿಯನ್ನು ನೋಡಿ ಹುಬ್ಬು ಗಂಟಿಕ್ಕಿದರು. ಹೆಸರೂ ಬೇರೆ, ಜನ್ಮದಿನವೂ ಬೇರೆ. ನನ್ನ ಹೊಟ್ಟೆಯಲ್ಲಿ ಕಲ್ಲು. ಅವರು ಎಲ್.ಸಿ. ಎತ್ತಿಕೊಂಡು ಎರಡು ಸಲ ಓದಿ, “ನಮಗೆ ಇದು ಮುಖ್ಯ. ಪರೀಕ್ಷೆಯ ದಿನ ಹಾಲ್ ಟಿಕೆಟ್ ಜೊತೆ ಆ ಅಫಿಡವಿಟ್ಟನ್ನೂ ತನ್ನಿ” ಎಂದು ರುಜು ಹಾಕಿದರು. ಹಿಂದಿನ ವರ್ಷ ನಾಲ್ಕು ಸಲ ಘಟ್ಟ ಹತ್ತಿಸಿದ ಸಮಸ್ಯೆ ಎರಡು ನಿಮಿಷದಲ್ಲಿ ತೀರಿತು.

ಒಂದು ಕೆಲಸ ಮಾತ್ರ ಅಲ್ಲೇ ತಡವಾಯಿತು. ಅರ್ಜಿಯ ಮೇಲೆ ಅಭ್ಯರ್ಥಿಯ ಸಹಿ ಬೇಕು. ಸಂಘದ ಪುಸ್ತಕದಲ್ಲಿ ಒಂಬತ್ತು ವರ್ಷ ಹೂವಿನ ಹೆಸರು ಬರೆದ ಕೈ ಅದನ್ನೇ ಬರೆಯಲು ಹೊರಟಿತು. ಮೊದಲಕ್ಷರ ಬಿದ್ದ ಮೇಲೆ ನಿಲ್ಲಿಸಿದೆ. ಇನ್ನೊಂದು ಪ್ರತಿ ತೆಗೆಸಿ, ಹಿಂಬದಿಯ ಬೆಂಚಿನಲ್ಲಿ ಕುಳಿತು ಅವರು ರದ್ದಿ ಕಾಗದದ ಮೇಲೆ ನದಿಯ ಹೆಸರನ್ನು ಇಪ್ಪತ್ತು ಸಲ ಬರೆದರು. ದುಂಡಗಿನ, ಏಳನೆಯ ತರಗತಿಯ ಅಕ್ಷರ. ಸಹಿ ಎನ್ನುವುದಕ್ಕಿಂತ ಕಾಪಿ ಬರೆದಂತಿತ್ತು.

ಓದು, ಪರೀಕ್ಷೆ

ಇದರ ಬಗ್ಗೆ ಕಡಿಮೆ ಹೇಳುತ್ತೇನೆ, ಏಕೆಂದರೆ ಇದನ್ನು ಅವರೇ ಮಾಡಿಕೊಂಡರು. ಇಳಿತದ ವೇಳೆ ದಿನಕ್ಕೆ ಮುಕ್ಕಾಲು ಗಂಟೆಗೂ ಮಿಕ್ಕಿ ಮುಂದಕ್ಕೆ ಸರಿಯುತ್ತದೆ, ಓದಿನ ವೇಳೆಯೂ ಅದರ ಜೊತೆ ಸರಿಯುತ್ತಿತ್ತು. ಬಡ್ಡಿ ಲೆಕ್ಕ ಬಾಯಲ್ಲೇ ಮಾಡುವವರು ಬೀಜಗಣಿತದ ಎದುರು ಮೂಕರಾಗುತ್ತಿದ್ದರು. ತಿಂಗಳಿಗೆ ಹತ್ತತ್ತು ರೂಪಾಯಿ ಏರುವ ಉಳಿತಾಯ ಎಂದರೆ ಹನ್ನೆರಡನೆಯ ತಿಂಗಳಿನದನ್ನು ತಕ್ಷಣ ಹೇಳುವರು, ಅದನ್ನೇ ಸಮಾಂತರ ಶ್ರೇಢಿ ಎಂದು ಅಕ್ಷರ ಹಾಕಿ ಬರೆದರೆ, “ಇದು ಯಾರ ಪುಸ್ತಕದ್ದು?” ಎನ್ನುವರು. ಪಕ್ಕದ ಮನೆಯ ಹುಡುಗ ತಂದುಕೊಟ್ಟ ಹಳೆಯ ಗಣಿತ ಪ್ರಶ್ನೆಪತ್ರಿಕೆಗಳು 80 ಅಂಕದವು ಎಂಬುದನ್ನು ನಾವು ಗಮನಿಸಿದ್ದು ಡಿಸೆಂಬರಿನಲ್ಲಿ. ಶಾಲೆಯ ಮಕ್ಕಳಿಗೆ ಉಳಿದ 20 ಆಂತರಿಕ ಅಂಕವಾಗಿ ಬರುತ್ತದೆ. ಖಾಸಗಿ ಅಭ್ಯರ್ಥಿಗೆ ಆ ದಾನವಿಲ್ಲ, ಬರೆದದ್ದಷ್ಟೇ ಅವರದು. ಖಾಸಗಿಯವರ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹುಡುಕಿ ಇಳಿಸಿಕೊಟ್ಟೆ.

2025ರ ಪರೀಕ್ಷೆ-1 ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ ನಡೆಯಿತು. ಐದು ವಿಷಯ ಆಯಿತು, ಗಣಿತ ಉಳಿಯಿತು. 2024, 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆಸಿದ್ದು ಶಾಲೆಯ ಮಕ್ಕಳಿಗಿಂತ ಇಂಥವರಿಗೇ ಹೆಚ್ಚು ಒದಗಿದೆ ಎಂದು ನನಗನ್ನಿಸುತ್ತದೆ; ಇಡೀ ವರ್ಷ ಕಾಯಬೇಕಾಗಿದ್ದರೆ ಇವರು ಮತ್ತೆ ಪುಸ್ತಕ ತೆರೆಯುತ್ತಿದ್ದರೆಂಬ ಧೈರ್ಯ ನನಗಿಲ್ಲ. ಮೇ ಕೊನೆಯ ವಾರ ಶುರುವಾದ ಪರೀಕ್ಷೆ-2ರಲ್ಲಿ ಗಣಿತವೂ ಆಯಿತು, ಅಂಚಿನಲ್ಲಿ. ಆಗ ಜೂನ್ ಬಂದು ಬೋಟುಗಳು ಮೇಲೇರಿದ್ದವು, ಗಂಡ ಮನೆಯಲ್ಲಿದ್ದ. ಸುದ್ದಿ ಕೇಳಿ ಅವನು ಹೆಚ್ಚೇನೂ ಆಡಲಿಲ್ಲ, ಸಂಜೆ ಎರಡು ಕಿಲೋ ಏಡಿ ತಂದ.

ಅಂಕಪಟ್ಟಿ ಹಿಡಿದು ಅವರು ಮೊದಲು ಹೋದದ್ದು ಆಧಾರ್ ಕೇಂದ್ರಕ್ಕೆ. ಅದೇ ಹುಡುಗ. ಅಂಕಪಟ್ಟಿ ತಿರುಗಿಸಿ ನೋಡಿ, “ಜನ್ಮದಿನಕ್ಕೆ ಇದು ಆಗುತ್ತದೆ. ಆದರೆ ಇದರಲ್ಲಿರುವ ಹೆಸರು ನಿಮ್ಮದಲ್ಲವಲ್ಲ? ಮದುವೆ ನೋಂದಣಿ ಪ್ರಮಾಣಪತ್ರ ತನ್ನಿ” ಎಂದ.

ಮದುವೆಯಾಗಿ ಹತ್ತೊಂಬತ್ತು ವರ್ಷ, ನೋಂದಣಿ ಆಗಿರಲಿಲ್ಲ. ನಿಷೇಧ ಮುಗಿದು ಬೋಟು ಇಳಿಯುವ ಮುಂಚೆ ಗಂಡನನ್ನೂ ಇಬ್ಬರು ಸಾಕ್ಷಿಗಳನ್ನೂ ಕರೆದುಕೊಂಡು ಕುಮಟಾದ ಉಪನೋಂದಣಾಧಿಕಾರಿಗಳ ಕಚೇರಿಗೆ ಹೋದೆವು. ಸಾಕ್ಷಿಗಳಲ್ಲಿ ನಾನೂ ಒಬ್ಬಳು. ಅದೇ ಕರೆಯೋಲೆ, ಈಗ ಪ್ಲಾಸ್ಟಿಕ್ ಹೊದಿಕೆಯೊಳಗೆ. ಹೊರಗಿನ ಬೆಂಚಿನಲ್ಲಿ ಅರ್ಜಿ ತುಂಬಲು ಕುಳಿತಾಗ ವರನ ಹೆಸರು, ಅವನ ತಂದೆಯ ಹೆಸರು ಸರಸರನೆ ಬರೆದರು. ಅದರ ಕೆಳಗಿನ ಖಾನೆ, ವಧುವಿನ ಹೆಸರು. ಪೆನ್ನು ಎತ್ತಿ ಹಿಡಿದು ಮೊದಲು ಗಂಡನ ಕಡೆ, ಆಮೇಲೆ ನನ್ನ ಕಡೆ ನೋಡಿ, “ಅಕ್ಕೋರೇ, ಇನ್ನೊಂದು ಪ್ರತಿ ತೆಗೆಸಿಟ್ಟುಕೊಂಡಿದ್ದೀರಲ್ಲ?” ಎಂದರು.